ನೀವುವ ಕೈ

ಉತ್ತರಪತ್ರಿಕೆಗಳನ್ನು ತಿದ್ದುವುದೂ ಮೈಮುರಿಯುವ ದುಡಿಮೆಯೇ ಎಂದರೆ ಜನ ನಗುತ್ತಾರೆ. ಆದರೆ ಹದಿನೈದು ದಿನ ಕತ್ತು ಬಗ್ಗಿಸಿ ಕುಳಿತಮೇಲೆ ನನ್ನ ಹೆಗಲೆರಡೂ ಕಲ್ಲಾಗಿದ್ದುವು. ಸ್ನೇಹಿತರೊಬ್ಬರ ಒತ್ತಾಯಕ್ಕೆ ಮಣಿದು ಯಲಹಂಕದಿಂದ ಆರ್.ಟಿ. ನಗರಕ್ಕೆ ಹೋಗಿ, ಅಲ್ಲಿನ ಮಾಲೀಸಿನ ಅಂಗಡಿಯೊಂದರ ಮೆಟ್ಟಿಲು ಹತ್ತಿದೆ. ಹತ್ತುವಾಗ, ನನ್ನ ವಿದ್ಯಾರ್ಥಿಗಳಾರಾದರೂ ಕಂಡಾರೆಂದು ಎರಡು ಬಾರಿ ಹಿಂತಿರುಗಿ ನೋಡಿದ್ದನ್ನು ಮುಚ್ಚಿಡಲಾರೆ.

ಈ ಸಂಕೋಚ ನಮಗೆಲ್ಲಿಂದ ಬಂದಿತು? ನಮ್ಮ ಹಿರಿಯರಿಗಂತೂ ಇರಲಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಅರಸನ ಸ್ನಾನವನ್ನೇ ಒಂದು ಭೋಗವೆಂದೆಣಿಸಿ, ಮೈಗೆ ತೈಲ ತಿಕ್ಕುವ ವಿಚಾರವನ್ನು ಹೇಳಿದ್ದಾನೆ. ಅರಸರ ಮಾತಿರಲಿ, ಬಡವರ ಮನೆಯಲ್ಲಿಯೂ ನೀರು ತುಂಬುವ ಹಬ್ಬದ ಮರುದಿನ, ನಸುಕಿನಲ್ಲಿ ಬಚ್ಚಲೊಲೆಯ ಮುಂದೆ ಮಣೆ ಹಾಕಿ, ಮಕ್ಕಳ ನೆತ್ತಿಗೆ ಎಣ್ಣೆ ತಟ್ಟದ ತಾಯಿಯಿರಲಿಲ್ಲ. ಬಾಣಂತಿಗೂ ಕೂಸಿಗೂ ಎಣ್ಣೆನೀರು ಎರೆಯಲು ಕೇರಿಗೊಬ್ಬ ಅಜ್ಜಿಯಿದ್ದಳು. ಗರಡಿಯಲ್ಲಿ ಸಾಮು ಮುಗಿದಮೇಲೆ ಪೈಲ್ವಾನರು ಒಬ್ಬರ ಮೈಯನ್ನೊಬ್ಬರು ಒತ್ತಿ ತಿಕ್ಕುತ್ತಿದ್ದರು. ಕನ್ನಡದಲ್ಲಿ 'ನೀವು' ಎಂಬ ಕ್ರಿಯಾಪದವಿದೆ; ಮೆಲ್ಲನೆ ಒತ್ತಿ ಸವರುವುದೆಂದರ್ಥ. ಎದುರಿನವರನ್ನು ಗೌರವಿಸುವ 'ನೀವು' ಅದೇ ರೂಪದ್ದು. ಇವೆರಡರ ಮೂಲ ಒಂದೇ ಎಂದು ನಾನು ವಾದಿಸುವುದಿಲ್ಲ; ಆದರೆ ನೀವುವ ಕೈಯಲ್ಲಿ ಎದುರಿನವರ ಬಗೆಗೆ ಗೌರವವಿರಲೇಬೇಕು.

ಅಂಗಡಿಯ ಗೋಡೆಯ ಮೇಲೆ, ಮಾಲೀಸಿನಿಂದ ದೇಹದ ವಿಷವೆಲ್ಲ ಹೊರಹೋಗುವುದೆಂದು ಬರೆದಿತ್ತು. ಇದು ಅತಿಶಯೋಕ್ತಿ. ದುಡಿದ ಸ್ನಾಯುವಿನಲ್ಲಿ ಕೂಡುವ ಲ್ಯಾಕ್ಟಿಕ್ ಆಮ್ಲ ಯಾರೂ ಒತ್ತದೆಯೇ ಒಂದೆರಡು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಮಾರನೆಯ ದಿನದ ನೋವಿಗೆ ಕಾರಣ ಅದಲ್ಲ. ರೂಢಿಯಿಲ್ಲದ ಶ್ರಮದಿಂದ ಸ್ನಾಯುವಿನ ಎಳೆಗಳಿಗಾದ ಸೂಕ್ಷ್ಮವಾದ ಗಾಯ. 2012ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದವರು 11 ಮಂದಿ ತರುಣರ ದಣಿದ ಕಾಲುಗಳಲ್ಲಿ ಒಂದನ್ನು ಮಾತ್ರ 10 ನಿಮಿಷ ನೀವಿಸಿ, ಸ್ನಾಯುವಿನ ಚೂರುಗಳನ್ನು ಪರೀಕ್ಷಿಸಿದರು. ನೀವಿದ ಕಾಲಿನಲ್ಲಿ ಉರಿಯೂತದ ಚಿಹ್ನೆಗಳು ತಗ್ಗಿದ್ದುವು. ಆಮ್ಲದ ಪ್ರಮಾಣ ಬದಲಾಗಿರಲಿಲ್ಲ. 29 ಅಧ್ಯಯನಗಳಲ್ಲಿ ಪಾಲ್ಗೊಂಡ 1,012 ಜನರ ಫಲಿತಾಂಶಗಳನ್ನು ಕೂಡಿಸಿ ನೋಡಿದ 2020ರ ಸಮೀಕ್ಷೆಯೊಂದು, ಮಾಲೀಸಿನಿಂದ ಬಲವಾಗಲಿ ಓಟದ ವೇಗವಾಗಲಿ ಹೆಚ್ಚದು, ನೋವು ಮಾತ್ರ ಕೊಂಚ ಇಳಿಯುವುದೆಂದು ಕಂಡುಕೊಂಡಿತು.

ಕೊಂಚ ಇಳಿದರೆ ಸಾಲದೆ? ಯಶವಂತಪುರದ ಮಂಡಿಯಲ್ಲಿ ಬೆಳಗಿನಿಂದ ಮೂಟೆ ಹೊರುವ ಹಮಾಲಿಯನ್ನು ಕೇಳಿ ನೋಡಿ. ಜ್ವರ, ಬಾವು, ಮೂಳೆಮುರಿತಗಳಿಗೆ ವೈದ್ಯರೇ ಬೇಕು. ದಣಿವಿಗೆ ಇನ್ನೊಬ್ಬರ ಕೈ ಸಾಕು. ಆದರೆ ಆ ಕೈ ಈಗ ಗಂಟೆಯ ಲೆಕ್ಕದಲ್ಲಿ ಬಿಕರಿಯಾಗುತ್ತಿದೆ. ಕುರ್ಚಿಯಲ್ಲಿ ಕುಳಿತ ನನ್ನಂಥವನಿಗೆ ಅದು ದೊರೆಯುತ್ತದೆ. ಬೆನ್ನು ಸವೆಸಿಕೊಂಡವನಿಗೆ ದೊರೆಯುವುದಿಲ್ಲ. ನನ್ನನ್ನು ಕಾಡುವ ಅನ್ಯಾಯ ಇದೇ.

ಅಂದು ನನ್ನ ಹೆಗಲೊತ್ತಿದ ತರುಣನ ಹೆಬ್ಬೆರಳು ಬಾತಿದ್ದುದನ್ನು ಕಂಡು, "ನಿಮಗೆ ಯಾರಪ್ಪ ಒತ್ತುತ್ತಾರೆ?" ಎಂದು ಕೇಳಿದೆ.

"ನಮಗ್ಯಾರು ಸಾರ್? ರಾತ್ರಿ ಬಿಸಿನೀರಲ್ಲಿ ಕೈ ಇಟ್ಕೊಂಡು ಕೂತ್ಕೋತೀನಿ" ಎಂದು ನಕ್ಕ.

ಹೆಬ್ಬಾಳ ದಾಟಿ ಮನೆ ಸೇರುವವರೆಗೂ ಆ ಮಾತು ಬೆನ್ನುಬಿಡಲಿಲ್ಲ. ನಲವತ್ತು ವರ್ಷಗಳ ಹಿಂದೆ ನನ್ನ ನೆತ್ತಿಗೆ ಎಣ್ಣೆ ತಟ್ಟಿದ ಕೈಗಳಿಗೂ ನೋವಿದ್ದಿರಬೇಕು. ನಾನು ಒಮ್ಮೆಯೂ ಕೇಳಿದವನಲ್ಲ. ಆ ರಾತ್ರಿ ಎಳ್ಳೆಣ್ಣೆ ಬೆಚ್ಚಗೆ ಮಾಡಿಕೊಂಡು ಅಮ್ಮನ ಕಾಲಬಳಿ ಕುಳಿತೆ.

"ಏನೋ ಇದು, ಸಾಕು ಬಿಡೋ" ಎಂದಳು. ಕಾಲನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.