ಬಲಜೀತನ ಊರು ಯಾವುದು ಸ್ವಾಮಿ?

‘ಫಿನಿಯಸ್ ಅಂಡ್ ಫರ್ಬ್’ ಕಾರ್ಟೂನ್ ನೋಡಿದ್ದೀರಾ? 2007ರಲ್ಲಿ ಡಿಸ್ನಿ ಚಾನೆಲ್‌ನಲ್ಲಿ ಶುರುವಾಗಿದ್ದು, 2025ರಲ್ಲಿ ಹೊಸ ಕಂತುಗಳೊಂದಿಗೆ ಮತ್ತೆ ಬಂತು. ಅದರಲ್ಲಿ ಬಲಜೀತ್ ಅಂತ ಒಬ್ಬ ಹುಡುಗ, ಭಾರತದಿಂದ ಅಮೆರಿಕಕ್ಕೆ ಹೋದವನು. ಲೆಕ್ಕದಲ್ಲಿ ಪ್ರಚಂಡ, ಮಾರ್ಕ್ಸ್ ಅಂದರೆ ಪ್ರಾಣ, ಬ್ಯೂಫರ್ಡ್ ಅನ್ನೋ ದಡಿಯನ ಕೈಗೆ ಸದಾ ಸಿಕ್ಕಿಬೀಳ್ತಾನೆ. ‘ನಮ್ಮ ಹುಡುಗ’ ಅಂತ ನಮ್ಮವರಿಗೆ ಖುಷಿಯೋ ಖುಷಿ!

ನನಗಂತೂ ಇಲ್ಲ. ಲೆಕ್ಕ ಬರೋದು ಬೇರು ಅಲ್ಲ ಕಣ್ರೀ, ಅದು ರೆಸ್ಯೂಮೆ.

ಬೇರು ಎಲ್ಲಿದೆ ನೋಡೋಣ. ಹೆಸರು ಪಂಜಾಬಿ. 2010ರ ‘ಸಮ್ಮರ್ ಬಿಲಾಂಗ್ಸ್ ಟು ಯೂ’ ಕಂತಿನಲ್ಲಿ ಇವನ ಅಂಕಲ್ ಸಾಬು ಹಿಮಾಲಯದಲ್ಲಿ ರಬ್ಬರ್ ಬ್ಯಾಂಡ್ ಕಾರ್ಖಾನೆ ಇಟ್ಟಿದ್ದಾನೆ. ಅಲ್ಲೇ ಒಂದು ಬಾಲಿವುಡ್ ಶೈಲಿಯ ಹಾಡು. ಭಾರತ ಮುಗೀತು!

ಇದೇನು ಹೊಸದಲ್ಲ. ಹಾಲಿವುಡ್ ಕಂಡ ಮೊದಲಿನ ಸಾಬು ನಮ್ಮ ಮೈಸೂರು ಸೀಮೆಯ ಮಾವುತನ ಮಗ, 1937ರ ‘ಎಲಿಫೆಂಟ್ ಬಾಯ್’. ಅವನನ್ನೇ 1940ರಲ್ಲಿ ಬಾಗ್ದಾದಿನ ಕಳ್ಳನನ್ನಾಗಿ ಮಾಡಿದ್ದರು. ಕಂದು ಬಣ್ಣ ಇದ್ದರೆ ಸಾಕು, ಊರು ಯಾವುದಾದರೇನು?

ಇನ್ನು ಆ ಉಚ್ಚಾರಣೆ. ಬಲಜೀತನಿಗೆ ದನಿ ಕೊಟ್ಟ ಮೌಲಿಕ್ ಪಂಚೋಲಿ ಹುಟ್ಟಿದ್ದೇ ಅಮೆರಿಕದ ಒಹಾಯೋದಲ್ಲಿ. ಅಂದರೆ ಅದು ಬೇಕೂಂತಲೇ ಅಂಟಿಸಿದ ಉಚ್ಚಾರಣೆ, ನಗಿಸೋದಕ್ಕೆ.

ತಮಾಷೆ ತಾನೇ, ಬಿಡಿ ಅಂತೀರಾ? ಅಪ್ಪ ಅಮ್ಮ ಮಾತಾಡೋ ರೀತಿ ನಗೆಪಾಟಲು ಅಂತ ಟೀವಿಯಿಂದ ಕಲಿತ ಮಗು, ನಾಳೆ ಫ್ರೆಂಡ್ಸ್ ಎದುರು ಅಜ್ಜಿಯ ಫೋನ್ ಬಂದಾಗ ಕನ್ನಡದಲ್ಲಿ ಉತ್ತರ ಕೊಡುತ್ತಾ? ಅದಕ್ಕೆ ಚಪ್ಪಾಳೆ ತಟ್ಟಿ ಕಲಿಸಿದವರು ನಾವೇ ಅಲ್ಲವಾ?