ಜೋಯಿಡಾದ ಮಗುವಿಗೆ ಯಾವ ಆಯ್ಕೆ?



ನಮ್ಮ ಮಠಗಳ ಶಿಕ್ಷಣ ಸಮಿತಿಗಳಲ್ಲಿ ಈಗ ಒಂದು ಹೊಸ ಮಾತು ಓಡಾಡುತ್ತಿದೆ: ಹೈಸ್ಕೂಲು ಮಕ್ಕಳಿಗೆ 'ಆಯ್ಕೆ' ಕೊಡಬೇಕು. ಬೇಕಾದವರಿಗೆ ರಾಜ್ಯ ಪಠ್ಯಕ್ರಮ, ಬೇಕಾದವರಿಗೆ ಸಿಬಿಎಸ್‌ಇ, ಇನ್ನೂ ಮೇಲೆ ಹೋಗುವವರಿಗೆ ಕೇಂಬ್ರಿಡ್ಜ್ ಅಥವಾ ಐಬಿ. ಕೇಳಲು ಚೆನ್ನಾಗಿದೆ. ಆಯ್ಕೆ ಬೇಡ ಎನ್ನುವವರು ಯಾರು? ಆದರೆ ನಾನು ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತನಾದವನು. ಯಾವ ಯೋಜನೆಯ ನಕ್ಷೆ ಕೈಗೆ ಬಂದರೂ ನನಗೆ ಮೊದಲು ಹೊಳೆಯುವುದು ಒಂದೇ ಪ್ರಶ್ನೆ: ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟುತ್ತದೆಯೇ?

ನಮ್ಮ ಭಾಗದ ಕೊನೆಯ ಹೊಲ ಜೋಯಿಡಾ. ಉತ್ತರ ಕನ್ನಡದ ಅತಿ ವಿಸ್ತಾರವಾದ ತಾಲ್ಲೂಕು, ಅಷ್ಟೇ ವಿರಳ ಜನವಸತಿ. ಬಹುಪಾಲು ಕಾಡು, ಅದರಲ್ಲೂ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಪ್ರತಿ ವರ್ಷ ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು, ಈಗೀಗ ಕಾರು ಮಾಡಿಕೊಂಡು, ಚೆನ್ನಬಸವಣ್ಣನವರ ಉಳವಿಗೆ ಹೋಗುವ ನಾವೆಲ್ಲ ಇದೇ ಕಾಡಿನ ದಾರಿಯಲ್ಲಿ ಹಾದುಹೋಗುತ್ತೇವೆ. ದಾರಿಬದಿಯಲ್ಲಿ ಚೀಲ ಹೊತ್ತು ನಡೆಯುವ ಕುಣಬಿ, ಸಿದ್ದಿ, ಗೌಳಿ ಮಕ್ಕಳನ್ನು ನೋಡಿರುತ್ತೇವೆ. ಆ ಮಕ್ಕಳ ಮನೆಮಾತು ಕೊಂಕಣಿ ಅಥವಾ ಮರಾಠಿ. ನಾವು 'ಸ್ಥಳೀಯ' ಎನ್ನುವ ಕನ್ನಡ ಪಠ್ಯವೇ ಅವರಿಗೆ ಎರಡನೆಯ ಭಾಷೆಯದು. ಏಳನೆಯದು ಮುಗಿದ ಮೇಲೆ ಹೈಸ್ಕೂಲು ದೂರ, ಬಸ್ಸು ದಿನಕ್ಕೆ ಒಂದೋ ಎರಡೋ, ಮಳೆಗಾಲದಲ್ಲಿ ಅದೂ ಖಾತ್ರಿಯಿಲ್ಲ. ಆ ಮಗುವಿನ ಮುಂದೆ ಇರುವ ಆಯ್ಕೆ ಸಿಬಿಎಸ್‌ಇಯೋ ಕೇಂಬ್ರಿಡ್ಜೋ ಎಂಬುದಲ್ಲ. ಓದುವುದೋ ಬಿಡುವುದೋ ಎಂಬುದು.

ಈ ಪಠ್ಯಕ್ರಮಗಳು ಯಾರಿಗಾಗಿ ಹುಟ್ಟಿದವು ಎಂಬುದನ್ನು ಯಾರೂ ಕೇಳುವುದಿಲ್ಲ. ಐಬಿ 1968ರಲ್ಲಿ ಜಿನೀವಾದಲ್ಲಿ ಆರಂಭವಾಯಿತು. ದೇಶದಿಂದ ದೇಶಕ್ಕೆ ತಿರುಗುವ ರಾಯಭಾರಿಗಳ, ಅಂತಾರಾಷ್ಟ್ರೀಯ ಸಂಸ್ಥೆಗಳ ನೌಕರರ ಮಕ್ಕಳ ಓದು ಮುರಿಯಬಾರದು ಎಂಬುದು ಅದರ ಉದ್ದೇಶ. ನಮ್ಮಲ್ಲಿ 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಬಂದದ್ದೂ ಕೇಂದ್ರ ನೌಕರರ ವರ್ಗಾವಣೆಯ ತೊಂದರೆಗೇ. ವರ್ಗಾವಣೆಯ ಕಷ್ಟ ನನಗೂ ಗೊತ್ತು, ಅದನ್ನು ಹಗುರ ಮಾಡುವುದಿಲ್ಲ. ಆದರೆ ಜೋಯಿಡಾದ ರೈತನಿಗೆ ವರ್ಗಾವಣೆ ಎಲ್ಲಿಯದು? ಸುಪಾ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟು ರಾಮನಗರ ಸೇರಿದ್ದೇ ಅವನ ಪಾಲಿನ ವರ್ಗಾವಣೆ.

ಇನ್ನು ಗುಣಮಟ್ಟದ ಮಾತು. 'ರಾಜ್ಯ ಪಠ್ಯಕ್ರಮ ಹಗುರ, ಸಿಬಿಎಸ್‌ಇ ಗಟ್ಟಿ' ಎಂದು ಹಳಿಯಾಳ, ದಾಂಡೇಲಿಯ ಪೋಷಕರೂ ಹೇಳುತ್ತಾರೆ. ಅವರು ಒಮ್ಮೆ ಹತ್ತನೆಯ ತರಗತಿಯ ಗಣಿತ ಮತ್ತು ವಿಜ್ಞಾನದ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಲಿ. ಕರ್ನಾಟಕ ಸರ್ಕಾರ ಈ ಎರಡು ವಿಷಯಗಳಲ್ಲಿ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಅಳವಡಿಸಿಕೊಂಡಿದೆ. ಅದೇ ಸಮಾಂತರ ಶ್ರೇಢಿ, ಅದೇ ತ್ರಿಕೋನಮಿತಿ, ಅದೇ ಬೆಳಕಿನ ಪ್ರತಿಫಲನ. ಒಂದು ಮಗು ಅದನ್ನು ಕನ್ನಡದಲ್ಲಿ ಓದುತ್ತದೆ, ಇನ್ನೊಂದು ಇಂಗ್ಲಿಷಿನಲ್ಲಿ ಓದುತ್ತದೆ. ಹಾಗಾದರೆ ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳುವುದೇನನ್ನು? ತರಗತಿಗೆ ತಪ್ಪದೆ ಬರುವ ಗಣಿತ ಶಿಕ್ಷಕರನ್ನು, ಮಾತನಾಡಲು ಕಲಿಸುವ ಇಂಗ್ಲಿಷ್ ಶಿಕ್ಷಕರನ್ನು. ಇವೆರಡನ್ನೂ ಕೊಡಲು ಪಠ್ಯಕ್ರಮ ಬದಲಿಸಬೇಕಾಗಿಲ್ಲ. ಸಂಬಳ ಕೊಡಬೇಕು.

ಕಳೆದುಕೊಳ್ಳುವ ಲೆಕ್ಕವನ್ನು ಮಾತ್ರ ಯಾವ ಶಾಲೆಯೂ ಪೋಷಕರಿಗೆ ಹೇಳುವುದಿಲ್ಲ. ರಾಜ್ಯದ ವೃತ್ತಿ ಕೋರ್ಸುಗಳ ಸಿಇಟಿ ಸೀಟುಗಳಲ್ಲಿ ಶೇ 15 ಗ್ರಾಮೀಣ ಮೀಸಲು, ಶೇ 5 ಕನ್ನಡ ಮಾಧ್ಯಮದ ಮೀಸಲು ಇವೆ. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು. ಮುಂಡಗೋಡ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಏಳರವರೆಗೆ ಓದಿದ ನನ್ನ ಸಂಬಂಧಿಕರ ಹುಡುಗನನ್ನು ಎಂಟಕ್ಕೆ ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಗೆ ಹಾಕಿದರು. ಸಾಲ ಮಾಡಿ ಹಾಕಿದರು. ಮೂರು ವರ್ಷದ ಆ ಶಾಲೆಗಾಗಿ ಹಿಂದಿನ ಏಳು ವರ್ಷದ ಹಕ್ಕು ಎರಡೂ ಕಡೆ ಹೋಯಿತು. ಸಿಇಟಿ ಅರ್ಜಿ ತುಂಬುವ ದಿನ ಅವರಿಗೆ ಇದು ತಿಳಿಯಿತು. ಪ್ರವೇಶ ಕೊಡುವಾಗ ಒಂದು ಮಾತು ಹೇಳಿದ್ದರೆ?

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಪೋಷಕರ ಹಕ್ಕನ್ನೂ ಪ್ರಶ್ನಿಸುತ್ತಿಲ್ಲ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ಕರ್ನಾಟಕದ ಪ್ರಕರಣದಲ್ಲೇ ಹೇಳಿಯಾಗಿದೆ. ನನ್ನ ತಕರಾರು, ಆ ಹಕ್ಕು ಜೇಬಿನಲ್ಲಿ ಹಣ ಇದ್ದವನಿಗೆ ಮಾತ್ರ ಕೆಲಸಕ್ಕೆ ಬರುತ್ತಿದೆ ಎಂಬುದು. ಹಣವಿಲ್ಲದ ಮಗುವಿಗೂ ಆಯ್ಕೆ ಕೊಡುವುದು ಹೇಗೆಂದು ನೋಡಲು ಜಿನೀವಾಕ್ಕೆ ಹೋಗಬೇಕಿಲ್ಲ, ಮುಂಡಗೋಡಕ್ಕೆ ಬಂದರೆ ಸಾಕು.

ಅಲ್ಲಿ ಜಿಲ್ಲೆಯ ನವೋದಯ ವಿದ್ಯಾಲಯವಿದೆ. ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ನಾಲ್ಕರಲ್ಲಿ ಮೂರು ಪಾಲು ಸೀಟು ಹಳ್ಳಿ ಮಕ್ಕಳಿಗೆ. ಊಟ, ವಸತಿ ಉಚಿತ. ಏಳು ಅಥವಾ ಎಂಟರವರೆಗೆ ಪ್ರಾದೇಶಿಕ ಭಾಷೆಯ ಮಾಧ್ಯಮ, ಆಮೇಲೆ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ. ಪರೀಕ್ಷೆ ಸಿಬಿಎಸ್‌ಇ. ಅದೇ ತಾಲ್ಲೂಕಿನಲ್ಲಿ 1966ರಿಂದ ಟಿಬೆಟ್ ನಿರಾಶ್ರಿತರ ಕಾಲೊನಿ ಇದೆ. ದೇಶ ಕಳೆದುಕೊಂಡು ಬಂದ ಆ ಜನ ಚಿಕ್ಕ ತರಗತಿಗಳ ಪಾಠವನ್ನು ತಮ್ಮ ಭಾಷೆಯಲ್ಲೇ ನಡೆಸಿ, ಮೇಲಿನ ತರಗತಿಗಳಲ್ಲಿ ಮಕ್ಕಳನ್ನು ಸಿಬಿಎಸ್‌ಇ ಪರೀಕ್ಷೆಗೆ ಕೂರಿಸುತ್ತಾರೆ. ಅವರ ಮಕ್ಕಳು ಭಾಷೆಯನ್ನೂ ಬಿಡಲಿಲ್ಲ, ಲೋಕವನ್ನೂ ಬಿಡಲಿಲ್ಲ. ಎರಡೂ ಕಡೆ ಮೊದಲು ಮಗು ಬಂದಿದೆ, ಆಮೇಲೆ ಪಠ್ಯಕ್ರಮ. ಆದರೆ ನವೋದಯದಲ್ಲಿ ವರ್ಷಕ್ಕೆ 80 ಸೀಟು ಮಾತ್ರ, ಅದೂ ಇಡೀ ಜಿಲ್ಲೆಗೆ. ಉಳಿದ ಮಕ್ಕಳ ಪಾಡೇನು?

ಇಲ್ಲಿಯೇ ನಮ್ಮ ಮಠಗಳ ಮಾತು ಬರುವುದು. ಪೂಜ್ಯರ ಬಗ್ಗೆ ಗೌರವ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಸಿದ್ಧಗಂಗೆಯ ದಾಸೋಹ, ಧಾರವಾಡ ಮುರುಘಾಮಠದ ಪ್ರಸಾದ ನಿಲಯ ಇಲ್ಲದಿದ್ದರೆ ನಾಡಿನ ಎಷ್ಟು ರೈತ ಮಕ್ಕಳು ಹೈಸ್ಕೂಲು ಮೆಟ್ಟಿಲು ಹತ್ತುತ್ತಿದ್ದರು? ಜಾತಿ ಕೇಳದೆ ಅನ್ನ ಹಾಕಿದ ಮನೆಗಳವು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್ಇ ಹುಟ್ಟಿದ್ದೂ ಆಂಗ್ಲೋ-ವರ್ನಾಕ್ಯುಲರ್ ಶಾಲೆಯಾಗಿ. ಇಂಗ್ಲಿಷ್ ಮತ್ತು ದೇಶಭಾಷೆ ಒಂದೇ ಸೂರಿನ ಕೆಳಗೆ ಇದ್ದವು, ಎರಡು ಗೇಟು ಇರಲಿಲ್ಲ. ಈಗ ಕೆಲವು ಕಡೆ ನಡೆಯುತ್ತಿರುವುದೇನು? ಹೆದ್ದಾರಿ ಪಕ್ಕ ಹವಾನಿಯಂತ್ರಿತ 'ಇಂಟರ್‌ನ್ಯಾಷನಲ್' ಕಟ್ಟಡ ಏಳುತ್ತದೆ. ಅದೇ ಮಠದ ಹಳೆಯ ಕನ್ನಡ ಶಾಲೆಯ ಹೆಂಚು ಸೋರುತ್ತದೆ. ಭಕ್ತರ ಕಾಣಿಕೆಯ ಹಣದಲ್ಲಿ ಉಳ್ಳವರ ಮಕ್ಕಳಿಗೆ ಬೇರೆ ಗೇಟು ಕಟ್ಟಿ ಅದನ್ನು ಆಯ್ಕೆ ಎಂದು ಕರೆದರೆ, ಬೇರೆ ಪಂಕ್ತಿಯ ಊಟವನ್ನೂ ಆಯ್ಕೆ ಎಂದೇ ಕರೆಯಬೇಕಾಗುತ್ತದೆ. ಆ ಪಂಕ್ತಿ ಮುರಿಯಲು ಎದ್ದ ಧರ್ಮ ನಮ್ಮದು.

ಸಿಬಿಎಸ್‌ಇ ಆಗಲಿ ಕೇಂಬ್ರಿಡ್ಜ್ ಆಗಲಿ, ತರುವುದಾದರೆ ಅದೇ ಅಂಗಳಕ್ಕೆ ತನ್ನಿ, ಪ್ರಸಾದ ನಿಲಯದ ಹುಡುಗನೂ ಶುಲ್ಕವಿಲ್ಲದೆ ಕೂರುವ ತರಗತಿಗೆ ತನ್ನಿ. ಅದು ಆಗದಿದ್ದರೆ ಆ ಹಣದಲ್ಲಿ ಹಳಿಯಾಳದಲ್ಲೋ ದಾಂಡೇಲಿಯಲ್ಲೋ ಜೋಯಿಡಾದ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಒಂದು ವಸತಿ ನಿಲಯ ಕಟ್ಟಿ. ಜೊತೆಗೆ ಸಂಜೆ ಗಣಿತ ಮತ್ತು ಇಂಗ್ಲಿಷ್ ಹೇಳಿಕೊಡಲು ಇಬ್ಬರು ಶಿಕ್ಷಕರು. ನಕ್ಷೆ, ಅಂದಾಜು ಪಟ್ಟಿ ನಾನೇ ಮಾಡಿಕೊಡುತ್ತೇನೆ, ಒಂದು ರೂಪಾಯಿ ಬೇಡ. ಬರುವ ಭಾರತ ಹುಣ್ಣಿಮೆಗೆ ಉಳವಿಗೆ ಹೊರಡುವ ಸಮಿತಿ ಸದಸ್ಯರು ದಾರಿಯಲ್ಲಿ ಸಿಗುವ ಒಂದು ಹೈಸ್ಕೂಲಿನ ಮುಂದೆ ಗಾಡಿ ನಿಲ್ಲಿಸಿ, ಗಣಿತ ಶಿಕ್ಷಕರ ಹುದ್ದೆ ತುಂಬಿದೆಯೇ ಎಂದು ಕೇಳಿಕೊಂಡು ಬರಲಿ. ಆಮೇಲೆ ಕೇಂಬ್ರಿಡ್ಜಿನ ಮಾತು ಆಡೋಣ.