ನೀರು ಕುಡಿದು ಓಡುವ ಮೋಟಾರು

ನೀರನ್ನಷ್ಟೇ ಕುಡಿದು, ಹುಲ್ಲಿನ ಎಸಳನ್ನೂ ಮುಟ್ಟದೆ ಗಾಡಿಯನ್ನೆಳೆಯುವ ಎತ್ತನ್ನು ನಮ್ಮ ಒಕ್ಕಲಿಗರು ಈವರೆಗೆ ಕಂಡಿಲ್ಲ. ಆದರೆ ಅಮೆರಿಕದ ಓಹಾಯೋ ಪ್ರಾಂತದ ಸ್ಟ್ಯಾನ್ಲಿ ಮೇಯರ್ ಎಂಬ ಮಹಾಶಯನು ಅಂತಹ ಮೋಟಾರನ್ನೇ ಕಟ್ಟಿರುವೆನೆಂದು ಸಾರಿದನು. ಅದಕ್ಕೆ 22 ಗ್ಯಾಲನ್ ನೀರೆರೆದರೆ ಸಾಕು; ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿನ ತನಕ, ಎಂದರೆ ಪಡುಗಡಲಿನಿಂದ ಮೂಡುಗಡಲಿಗೆ, ಓಡುವುದಂತೆ! ನೀರನ್ನು ಒಡೆದು ಜಲಜನಕವನ್ನು ತೆಗೆಯುವುದು, ಅದನ್ನು ಎಂಜಿನಿನಲ್ಲಿ ಸುಡುವುದು, ಇಷ್ಟೇ ಉಪಾಯ.

ಉಪಾಧ್ಯಾಯರಾದವರು ಇಲ್ಲಿಯೇ ನಗುವರು. ನೀರೆಂಬುದು ಜಲಜನಕವು ಉರಿದುಳಿದ ಬೂದಿಯಲ್ಲದೆ ಮತ್ತೇನು? ಬೂದಿಯನ್ನು ಮರಳಿ ಕಟ್ಟಿಗೆಯಾಗಿಸಬೇಕಾದರೆ, ಅದು ಉರಿದಾಗ ಕೊಟ್ಟಷ್ಟು ಶಕ್ತಿಯನ್ನಾದರೂ ಹಿಂದಕ್ಕೆ ತೆರಬೇಕು. ಒಂದು ಕಿಲೋಗ್ರಾಂ ಜಲಜನಕವನ್ನು ನೀರಿನಿಂದ ಬಿಡಿಸಲು ಸುಮಾರು 39 ಯೂನಿಟ್ಟಿನಷ್ಟು ಶಕ್ತಿ ಬೇಕು. ಸುಟ್ಟಾಗ ಮರಳುವುದೂ ಅಷ್ಟೇ. ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚನ್ನು ಎಂಜಿನು ಬರಿಯ ಬಿಸಿಯಾಗಿ ಚೆಲ್ಲಿಬಿಡುವುದು. ರೂಪಾಯಿ ಕೊಟ್ಟು ಆರಾಣೆ ತರುವ ವ್ಯಾಪಾರದಿಂದ ಸಾಹುಕಾರನಾದವನುಂಟೆ?

ಸಂಗತಿಯು ನಗೆಯಲ್ಲಿಯೇ ಮುಗಿದಿದ್ದರೆ ನಾವು ಲೇಖನಿಯನ್ನೆತ್ತುತ್ತಿರಲಿಲ್ಲ. ಈ ಕಥೆಯನ್ನು ನಂಬಿ ಹಣ ಹಾಕಿದ ಇಬ್ಬರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ತಜ್ಞರು ಪರೀಕ್ಷಿಸಿ, ಅದು ಪಾಠಶಾಲೆಗಳಲ್ಲಿ ತೋರಿಸುವ ವಿದ್ಯುದ್ವಿಭಜನೆಯೇ ಹೊರತು ಹೊಸತೇನಲ್ಲವೆಂದರು. 1996ರಲ್ಲಿ ನ್ಯಾಯಾಲಯವು ಇದು ಘೋರ ವಂಚನೆಯೆಂದು ನಿರ್ಣಯಿಸಿ, 25,000 ಡಾಲರುಗಳನ್ನು ಹಿಂದಿರುಗಿಸುವಂತೆ ವಿಧಿಸಿತು. 1998ರಲ್ಲಿ ಮೇಯರನು ತೀರಿಕೊಂಡನು. ಮೆದುಳಿನ ರಕ್ತನಾಳದ ವ್ಯಾಧಿಯೇ ಕಾರಣವೆಂದು ಪರೀಕ್ಷಕರು ಹೇಳಿದರೂ, ಎಣ್ಣೆಯ ವರ್ತಕರು ವಿಷವಿಕ್ಕಿದರೆಂಬ ಇನ್ನೊಂದು ಕಥೆ ಹುಟ್ಟಿಕೊಂಡಿತು. ಮನುಷ್ಯನಿಗೆ ಸಾವುಂಟು, ಸುಳ್ಳಿಗಿಲ್ಲ!

ಇದು ಅಮೆರಿಕದವರ ಮರುಳು ಮಾತ್ರವೆಂದು ನಾವು ಬೀಗುವಂತಿಲ್ಲ. ಅದೇ 1996ರಲ್ಲಿ ನೆರೆಯ ತಮಿಳುನಾಡಿನಲ್ಲಿ ಗಿಡಮೂಲಿಕೆಯಿಂದ ಪೆಟ್ರೋಲು ಮಾಡುವೆನೆಂದವನ ಮಾತಿಗೆ ದೇಶವೇ ಕಿವಿಗೊಟ್ಟಿತ್ತು. ಹೇಳುವವನು ಹೆಡ್ಡನಾದರೆ ಕೇಳುವವನಿಗೆ ಬುದ್ಧಿ ಬೇಡವೆ? ಶಾಸ್ತ್ರವು ಪರಭಾಷೆಯ ಪೆಟ್ಟಿಗೆಯಲ್ಲಿರುವವರೆಗೆ ಜನರಿಗೆ ಅದೂ ಒಂದು ಮಂತ್ರವೇ. ಮಂತ್ರಕ್ಕೆ ಮಣಿಯುವವನು ಮೋಸಕ್ಕೂ ಮಣಿಯುವನು. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು ಮೊದಲಾದವರು 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದ್ದರು. 1956ರಲ್ಲಿ ನಮ್ಮ ಸೀಮೆಗಳು ಒಂದಾದುವು. ಆ ಹಿರಿಯರು ಹಚ್ಚಿದ ದೀಪವು ಒಂದಾದ ನಾಡಿನ ಪ್ರತಿಯೊಂದು ಹಳ್ಳಿಯ ಶಾಲೆಯಲ್ಲಿಯೂ ಬೆಳಗಬೇಡವೆ? ಉಪಾಧ್ಯಾಯ ಬಂಧುಗಳು "ಈ ಶಕ್ತಿ ಎಲ್ಲಿಂದ ಬಂತು?" ಎಂದು ಕೇಳುವುದೊಂದನ್ನು ಕನ್ನಡದ ಮಕ್ಕಳಿಗೆ ಕಲಿಸಲಿ. ನೀರಿನ ಮೋಟಾರು ನಮ್ಮ ಊರಿನ ಗಡಿಯಲ್ಲಿಯೇ ನಿಂತುಹೋಗುವುದು.